ಹೃದ್ರೋಗ ಚಿಕಿತ್ಸೆ ಮತ್ತು ಆರೋಗ್ಯ ನೀತಿ: ಎರಡನ್ನೂ ಒಟ್ಟಿಗೆ ಕಲಿಯಬಯಸುವ ಯುವ ವೈದ್ಯರು ಪದೇ ಪದೇ ಕೇಳುವ ಪ್ರಶ್ನೆಗಳು

ಹೃದ್ರೋಗ ಚಿಕಿತ್ಸೆಯಲ್ಲಿ ತರಬೇತಿ ಪಡೆಯುತ್ತಿರುವ ಅಥವಾ ಆ ದಾರಿಯನ್ನು ಆಯ್ದುಕೊಳ್ಳುವ ಹೊಸ್ತಿಲಲ್ಲಿರುವ, ಅದರ ಜೊತೆಗೆ ಆರೋಗ್ಯ ನೀತಿಯತ್ತಲೂ ಮನಸ್ಸು ಹರಿದಿರುವ ಕಿರಿಯ ವೈದ್ಯರು ಕೇಳುತ್ತಾ ಬಂದಿರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಪ್ರವೇಶ ಪರೀಕ್ಷೆ, ಪದವಿಯ ಹೆಸರು, ತರಬೇತಿಯ ಅವಧಿ ಇವೆಲ್ಲ ದೇಶದಿಂದ ದೇಶಕ್ಕೆ ಬದಲಾಗುವುದರಿಂದ, ಎಲ್ಲಿ ಕಲಿತರೂ ಎದುರಾಗುವ ಸಂಗತಿಗಳನ್ನೇ ಇಲ್ಲಿ ಮುಖ್ಯವಾಗಿ ಎತ್ತಿಕೊಳ್ಳಲಾಗಿದೆ.

ರೋಗಿಗಳ ಚಿಕಿತ್ಸೆಯೇ ಕೈತುಂಬ ಕೆಲಸವಾಗಿರುವಾಗ ಹೃದ್ರೋಗ ತಜ್ಞರಿಗೆ ನೀತಿಯ ಗೊಡವೆ ಏಕೆ?

ಎಲ್ಲ ಹೃದ್ರೋಗ ತಜ್ಞರಿಗೂ ಅದು ಬೇಕಾಗಿಲ್ಲ. ಒಳ್ಳೆಯ ವೈದ್ಯರಾಗಿ, ಎದುರಿಗಿರುವ ರೋಗಿಯನ್ನು ಶ್ರದ್ಧೆಯಿಂದ ನೋಡಿಕೊಳ್ಳುವುದು ಒಂದು ಜೀವಮಾನಕ್ಕೆ ಸಾಲುವಷ್ಟು ಕೆಲಸ. ಆದರೆ ಕೆಲವರಿಗೆ ಒಂದು ಪ್ರಶ್ನೆ ಅಂಟಿಕೊಳ್ಳುತ್ತದೆ. ನಡುರಾತ್ರಿ ಹೃದಯಾಘಾತದಿಂದ ಬಂದವರ ಮುಚ್ಚಿದ ರಕ್ತನಾಳವನ್ನು ತೆರೆದು, ಸ್ಟೆಂಟ್ ಅಳವಡಿಸಿ, ಬೆಳಗಿನ ರೌಂಡ್ಸ್‌ನಲ್ಲಿ ಅವರ ಹಿನ್ನೆಲೆಯನ್ನು ನಿಧಾನವಾಗಿ ಕೇಳಿದಾಗ, ಹತ್ತು ವರ್ಷದಿಂದ ರಕ್ತದೊತ್ತಡವಿದ್ದದ್ದು, ನಡುವೆ ಮಾತ್ರೆ ನಿಂತುಹೋದದ್ದು, ನೋವು ಶುರುವಾದ ಮೇಲೂ ಇಸಿಜಿ ಮಾಡುವ ಜಾಗ ಸಿಗದೆ ಆರೇಳು ಗಂಟೆ ಕಳೆದದ್ದು ಒಂದೊಂದಾಗಿ ಹೊರಬರುತ್ತದೆ. ಇಂಥದ್ದೇ ಕಥೆಯನ್ನು ಐವತ್ತನೆಯ ಸಲ ಕೇಳಿದಾಗ, ಈ ಮನುಷ್ಯ ಇಷ್ಟು ತಡವಾಗಿ ನನ್ನ ಬಳಿ ಬಂದದ್ದು ಏಕೆ ಎಂಬ ಪ್ರಶ್ನೆಗೆ ಉತ್ತರ, ರಕ್ತನಾಳದೊಳಗೆ ನಳಿಕೆ ತೂರಿಸಿ ಚಿಕಿತ್ಸೆ ಮಾಡುವ ಕೋಣೆಯಾದ ಕ್ಯಾತ್ ಲ್ಯಾಬ್‌ನ ಒಳಗಿಲ್ಲ ಎಂಬುದು ಮನದಟ್ಟಾಗುತ್ತದೆ.

ಶಾಲೆಯಲ್ಲಿ ಕಲಿತ ಭಿನ್ನರಾಶಿಯ ಭಾಷೆಯಲ್ಲಿ ಹೇಳುವುದಾದರೆ, ಆಸ್ಪತ್ರೆಯಲ್ಲಿ ನಮಗೆ ಕಾಣುವುದು ಅಂಶ ಮಾತ್ರ. ಬಾರದವರು, ಬರಲಾಗದವರು, ರೋಗವಿದೆ ಎಂದೇ ತಿಳಿಯದವರು ಛೇದದಲ್ಲಿ ಉಳಿದುಬಿಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಹೃದಯ ಮತ್ತು ರಕ್ತನಾಳಗಳ ಕಾಯಿಲೆಗಳಿಂದ ಸುಮಾರು 1.79 ಕೋಟಿ ಜನ ಸತ್ತರು, ಅಂದರೆ ಆ ವರ್ಷದ ಒಟ್ಟು ಸಾವುಗಳಲ್ಲಿ ಶೇಕಡ 32. ಅದೇ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, 30ರಿಂದ 79 ವರ್ಷದೊಳಗಿನ ಸುಮಾರು 128 ಕೋಟಿ ಜನರಿಗೆ ಅಧಿಕ ರಕ್ತದೊತ್ತಡವಿತ್ತು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಅದು ಗೊತ್ತೇ ಇರಲಿಲ್ಲ, ಹತೋಟಿಯಲ್ಲಿದ್ದದ್ದು ಐದರಲ್ಲಿ ಒಬ್ಬರಿಗೆ. ರಕ್ತದೊತ್ತಡ ಇಳಿಸುವ ಅಗ್ಗದ, ಒಳ್ಳೆಯ ಮಾತ್ರೆಗಳು ದಶಕಗಳಿಂದ ಇವೆ. ಹಾಗಿದ್ದೂ ಈ ಅಂತರ ಉಳಿದಿರುವುದಕ್ಕೆ ಔಷಧ ವಿಜ್ಞಾನದ ಕೊರತೆ ಕಾರಣವಲ್ಲ, ಔಷಧವನ್ನು ಜನರಿಗೆ ತಲುಪಿಸುವ ಏರ್ಪಾಡಿನ ಕೊರತೆ ಕಾರಣ. ಆ ಏರ್ಪಾಡಿನ ಬಗ್ಗೆ ಯೋಚಿಸುವುದೇ ನೀತಿಯ ಕೆಲಸ.

ಆರೋಗ್ಯ ನೀತಿ ಎಂದರೆ ಸರ್ಕಾರ ಮಾಡುವ ಕಾನೂನು ಎಂದಷ್ಟೇ ಅರ್ಥವೇ?

ಅಲ್ಲ. ಯಾವ ಚಿಕಿತ್ಸೆಗೆ ಯಾರು ಹಣ ಕೊಡಬೇಕು, ಯಾವ ಔಷಧ ಅಗತ್ಯ ಔಷಧಗಳ ಪಟ್ಟಿಯಲ್ಲಿರಬೇಕು, ಆಂಬುಲೆನ್ಸ್ ಹತ್ತಿರದ ಆಸ್ಪತ್ರೆಗೆ ಹೋಗಬೇಕೋ ಆಂಜಿಯೋಪ್ಲಾಸ್ಟಿ (ಮುಚ್ಚಿದ ರಕ್ತನಾಳವನ್ನು ನಳಿಕೆಯ ಮೂಲಕ ತೆರೆಯುವ ಚಿಕಿತ್ಸೆ) ಸೌಲಭ್ಯವಿರುವ ದೂರದ ಆಸ್ಪತ್ರೆಗೆ ಹೋಗಬೇಕೋ, ಮಾತ್ರೆಯನ್ನು ಒಮ್ಮೆಗೆ ಹದಿನೈದು ದಿನಕ್ಕೆ ಕೊಡಬೇಕೋ ಮೂರು ತಿಂಗಳಿಗೆ ಕೊಡಬೇಕೋ, ದಾದಿಯರು ಯಾವ ಔಷಧದ ಪ್ರಮಾಣವನ್ನು ತಾವೇ ಹೊಂದಿಸಬಹುದು, ಇಂಥ ತೀರ್ಮಾನಗಳೆಲ್ಲವೂ ನೀತಿಯೇ. ಇವುಗಳಲ್ಲಿ ಹಲವನ್ನು ಶಾಸನಸಭೆ ಮುಟ್ಟುವುದೂ ಇಲ್ಲ. ಅವು ಆಸ್ಪತ್ರೆಯ ಸಮಿತಿಯಲ್ಲಿ, ವಿಮಾ ಸಂಸ್ಥೆಯ ಕಚೇರಿಯಲ್ಲಿ, ತಜ್ಞರ ಸಂಘದ ಮಾರ್ಗಸೂಚಿಯಲ್ಲಿ ನಿರ್ಧಾರವಾಗುತ್ತವೆ. ಸಾರ್ವಜನಿಕ ಆರೋಗ್ಯವು ಜನಸಮುದಾಯದಲ್ಲಿ ರೋಗ ಹೇಗೆ ಹರಡಿದೆ, ಏನು ಮಾಡಿದರೆ ಅದು ತಗ್ಗೀತು ಎಂದು ಕೇಳಿದರೆ, ನೀತಿಯು ಅದನ್ನು ಯಾರು, ಯಾವ ಹಣದಲ್ಲಿ, ಯಾವ ಅಧಿಕಾರದಿಂದ ಮಾಡುತ್ತಾರೆ ಮತ್ತು ಅದರಿಂದ ಯಾರು ಹೊರಗುಳಿಯುತ್ತಾರೆ ಎಂದು ಕೇಳುತ್ತದೆ.

ಈ ಎರಡು ದಾರಿಗಳನ್ನು ಒಟ್ಟಿಗೆ ನಡೆದವರು ಹಿಂದೆ ಇದ್ದಾರೆಯೇ?

ಇದ್ದಾರೆ, ಮತ್ತು ಅವರ ಬದುಕು ಒಂದೇ ಅಚ್ಚಿನದಲ್ಲ. ಫಿನ್‌ಲೆಂಡಿನ ಪೆಕ್ಕ ಪುಸ್ಕ ಹೃದ್ರೋಗ ತಜ್ಞರಲ್ಲ, ಆದರೆ ಹೃದ್ರೋಗದ ಚರಿತ್ರೆಯಲ್ಲಿ ಅವರ ಹೆಸರಿಗೆ ದೊಡ್ಡ ಸ್ಥಾನವಿದೆ. ವೈದ್ಯಶಾಸ್ತ್ರದೊಂದಿಗೆ ಸಮಾಜವಿಜ್ಞಾನವನ್ನೂ ಓದಿದ್ದ ಅವರು 1972ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ಉತ್ತರ ಕರೇಲಿಯ ಪ್ರಾಂತ್ಯದ ಯೋಜನೆಯ ಹೊಣೆ ಹೊತ್ತರು. ಆಗ ಆ ಪ್ರದೇಶದ ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದಯಾಘಾತದ ಸಾವು ಜಗತ್ತಿನಲ್ಲೇ ಅತಿ ಹೆಚ್ಚಿನ ಮಟ್ಟದಲ್ಲಿತ್ತು. ಆಸ್ಪತ್ರೆ ಕಟ್ಟಿ ಕೂರುವ ಬದಲು ಆ ತಂಡ ಹಳ್ಳಿಗಳ ಮಹಿಳಾ ಸಂಘಗಳ ಜೊತೆ ಅಡುಗೆಯ ರೀತಿ ಬದಲಿಸಲು ದುಡಿಯಿತು, ಆಹಾರ ತಯಾರಕರ ಜೊತೆ ಮಾತಾಡಿ ಉಪ್ಪು ಮತ್ತು ಕೊಬ್ಬು ಇಳಿಸಲು ಒಪ್ಪಿಸಿತು, ಹೈನುಗಾರಿಕೆಯನ್ನೇ ನೆಚ್ಚಿದ್ದ ರೈತರಲ್ಲಿ ಕೆಲವರು ಬೆರ್ರಿ ಹಣ್ಣಿನ ಬೇಸಾಯಕ್ಕೆ ಹೊರಳಲು ನೆರವಾಯಿತು. ಮುಂದಿನ ನಾಲ್ಕು ದಶಕಗಳಲ್ಲಿ ಆ ವಯೋಮಾನದ ಗಂಡಸರಲ್ಲಿ ಪರಿಧಮನಿ (ಹೃದಯಕ್ಕೆ ರಕ್ತ ಒಯ್ಯುವ ನಾಳ) ಕಾಯಿಲೆಯ ಸಾವಿನ ಪ್ರಮಾಣ ಶೇಕಡ 80ಕ್ಕಿಂತ ಹೆಚ್ಚು ಇಳಿಯಿತು. ಇದರಲ್ಲಿ ಚಿಕಿತ್ಸೆಯ ಸುಧಾರಣೆಗೂ ಪಾಲಿದೆ, ಫಿನ್‌ಲೆಂಡಿನ ಉಳಿದ ಭಾಗಗಳಲ್ಲೂ ಇಳಿಕೆ ಕಂಡಿದೆ. ಎಲ್ಲವನ್ನೂ ಒಂದೇ ಯೋಜನೆಯ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಆದರೂ ಯುವ ವೈದ್ಯರು ವಿವರವಾಗಿ ಓದಬೇಕಾದ ಉದಾಹರಣೆಯೊಂದನ್ನು ಹೇಳಿ ಎಂದರೆ ನಾನು ಇದನ್ನೇ ಹೇಳುತ್ತೇನೆ, ಏಕೆಂದರೆ ಇದರ ಆರಂಭ ವೈದ್ಯರಿಂದಾದದ್ದಲ್ಲ: ತಮ್ಮ ಗಂಡಸರು ಸಾಯುತ್ತಿರುವುದನ್ನು ನೋಡಲಾರದ ಆ ಪ್ರಾಂತ್ಯದ ಜನರೇ 1971ರಲ್ಲಿ ಸರ್ಕಾರಕ್ಕೆ ಮನವಿ ಸಲ್ಲಿಸಿದ್ದರು.

ಇನ್ನೊಂದು ಬಗೆಯ ದಾರಿ ಬರ್ನಾರ್ಡ್ ಲೌನ್ ಅವರದು. ವಿದ್ಯುತ್ ಆಘಾತದಿಂದ ಹೃದಯದ ಬಡಿತವನ್ನು ಸರಿಪಡಿಸುವ ಡಿಫಿಬ್ರಿಲೇಟರ್‌ನ ಬೆಳವಣಿಗೆಯಲ್ಲಿ ಮುಖ್ಯ ಪಾತ್ರ ವಹಿಸಿದ ಈ ಅಮೆರಿಕದ ಹೃದ್ರೋಗ ತಜ್ಞರು, ಸೋವಿಯತ್ ಒಕ್ಕೂಟದ ಹೃದ್ರೋಗ ತಜ್ಞ ಯೆವ್ಗೆನಿ ಚಾಜೊವ್ ಅವರೊಂದಿಗೆ ಸೇರಿ 1980ರಲ್ಲಿ ಅಣ್ವಸ್ತ್ರ ಯುದ್ಧವನ್ನು ತಡೆಯುವ ವೈದ್ಯರ ಅಂತರರಾಷ್ಟ್ರೀಯ ಸಂಘಟನೆಯನ್ನು ಕಟ್ಟಿದರು. ಆ ಸಂಘಟನೆಗೆ 1985ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಚಾಜೊವ್ ಮುಂದೆ ತಮ್ಮ ದೇಶದ ಆರೋಗ್ಯ ಸಚಿವರೂ ಆದರು. ಇಬ್ಬರ ಮಾತಿಗೂ ತೂಕ ಬಂದದ್ದು ಅವರು ಮೊದಲು ಗಟ್ಟಿ ವೈದ್ಯರಾಗಿದ್ದರಿಂದ ಎಂದು ನನ್ನ ನಂಬಿಕೆ.

ತರಬೇತಿಗೆ ಒಟ್ಟು ಎಷ್ಟು ವರ್ಷ ಬೇಕು? ನೀತಿಯ ಅಧ್ಯಯನವನ್ನು ಎಲ್ಲಿ ಸೇರಿಸಿಕೊಳ್ಳಬೇಕು?

ಹಲವು ದೇಶಗಳಲ್ಲಿ ವೈದ್ಯಕೀಯ ಪದವಿ, ಅದರ ಮೇಲೆ ಸುಮಾರು ಮೂರು ವರ್ಷದ ಸಾಮಾನ್ಯ ವೈದ್ಯಶಾಸ್ತ್ರದ ತರಬೇತಿ, ಅದರ ಮೇಲೆ ಮೂರು ಅಥವಾ ಹೆಚ್ಚಿನ ವರ್ಷಗಳ ಹೃದ್ರೋಗ ತರಬೇತಿ ಎಂಬ ಕ್ರಮವಿದೆ. ಆಂಜಿಯೋಪ್ಲಾಸ್ಟಿ, ಹೃದಯ ಬಡಿತದ ದೋಷಗಳ ಚಿಕಿತ್ಸೆ, ಹೃದಯ ವೈಫಲ್ಯ (ದೇಹಕ್ಕೆ ಬೇಕಾದಷ್ಟು ರಕ್ತವನ್ನು ಹೃದಯ ಪಂಪ್ ಮಾಡಲಾರದ ಸ್ಥಿತಿ) ಮುಂತಾದ ಉಪವಿಭಾಗಗಳಿಗೆ ಇನ್ನೂ ಒಂದೆರಡು ವರ್ಷ ಸೇರುತ್ತದೆ.

ನೀತಿಯ ಅಧ್ಯಯನಕ್ಕೆ ಮೂರು ಬಾಗಿಲುಗಳಿವೆ. ವೈದ್ಯಕೀಯ ಪದವಿಯ ನಡುವೆ ಅಥವಾ ಅದು ಮುಗಿದ ಕೂಡಲೇ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ ಮಾಡುವವರಿದ್ದಾರೆ. ಅವರಿಗೆ ಓದಲು ಬಿಡುವಿರುತ್ತದೆ, ಆದರೆ ಯಾವ ಪ್ರಶ್ನೆಯನ್ನು ಹೊತ್ತು ಓದಬೇಕು ಎಂಬುದು ಇನ್ನೂ ಗೊತ್ತಿರುವುದಿಲ್ಲ. ತಜ್ಞತೆಯೆಲ್ಲ ಮುಗಿದ ಮೇಲೆ ಹೋಗುವವರಿಗೆ ಪ್ರಶ್ನೆಗಳು ಮಾಗಿರುತ್ತವೆ, ಆದರೆ ಸಂಸಾರ, ಸಾಲ, ಹುದ್ದೆ ಇವೆಲ್ಲ ಕೈಕಾಲು ಕಟ್ಟಿರುತ್ತವೆ. ನನ್ನ ಅನುಭವದಲ್ಲಿ ಸಾಮಾನ್ಯ ವೈದ್ಯಶಾಸ್ತ್ರದ ತರಬೇತಿ ಮುಗಿದು ಹೃದ್ರೋಗ ತರಬೇತಿ ಆರಂಭವಾಗುವ ಮುಂಚಿನ ಸಂಧಿಕಾಲ ಅಥವಾ ಹೃದ್ರೋಗ ತರಬೇತಿಯೊಳಗೇ ಸಂಶೋಧನೆಗೆಂದು ಮೀಸಲಿಟ್ಟ ವರ್ಷ ಇದಕ್ಕೆ ಹದವಾದ ಹೊತ್ತು. ಆ ವೇಳೆಗೆ ವಾರ್ಡಿನಲ್ಲಿ ಸಾಕಷ್ಟು ರಾತ್ರಿಗಳನ್ನು ಕಳೆದಿರುತ್ತೀರಿ. ಕೈಯ ಕೌಶಲ ಇನ್ನೂ ಪೂರ್ತಿ ಕೂಡಿಬಂದಿರದ ಕಾರಣ ಅದನ್ನು ಕಳೆದುಕೊಳ್ಳುವ ಭಯವೂ ಇರುವುದಿಲ್ಲ.

ಪ್ರತ್ಯೇಕ ಪದವಿ ಇಲ್ಲದೆ ನೀತಿಯ ಕೆಲಸ ಮಾಡಲಾಗದೇ?

ಮಾಡಬಹುದು. ಪದವಿಯಿಂದ ಸಿಗುವುದು ಕ್ರಮಬದ್ಧ ಓದು, ಒಂದಿಷ್ಟು ಬಳಗ, ಮತ್ತು ಅರ್ಥಶಾಸ್ತ್ರಜ್ಞರ ಜೊತೆ ಅವರದೇ ಪರಿಭಾಷೆಯಲ್ಲಿ ಮಾತಾಡುವ ಧೈರ್ಯ. ಇವು ಬೇರೆ ರೀತಿಯಲ್ಲಿ ಸಿಗುವುದಾದರೆ ಪದವಿಗಾಗಿ ಸಾಲ ಮಾಡುವ ಅಗತ್ಯವಿಲ್ಲ.

ಹಾಗಾದರೆ ಯಾವ ವಿಷಯಗಳನ್ನು ಕಲಿಯಲೇಬೇಕು?

ಮೊದಲನೆಯದು ಎಪಿಡೆಮಿಯಾಲಜಿ (ಜನಸಮುದಾಯದಲ್ಲಿ ರೋಗ ಹರಡುವ ಬಗೆಯ ಅಧ್ಯಯನ) ಮತ್ತು ಸಂಖ್ಯಾಶಾಸ್ತ್ರ. ಹೃದ್ರೋಗ ಶಾಸ್ತ್ರಕ್ಕೆ ಇದರ ಬೆಲೆ ಏನೆಂಬುದು ಕಷ್ಟದಿಂದಲೇ ಗೊತ್ತಾಗಿದೆ. ಹೃದಯಾಘಾತದ ನಂತರ ಅಡ್ಡಾದಿಡ್ಡಿ ಬಡಿತಗಳಿರುವವರಿಗೆ ಸಾವಿನ ಅಪಾಯ ಹೆಚ್ಚು ಎಂಬುದು ಸತ್ಯ, ಆ ಬಡಿತಗಳನ್ನು ಹತ್ತಿಕ್ಕುವ ಔಷಧಗಳಿದ್ದದ್ದೂ ಸತ್ಯ. ಹಾಗಾಗಿ ಔಷಧ ಕೊಟ್ಟರೆ ಸಾವು ಕಡಿಮೆಯಾಗಬೇಕು ಎಂದು ಎಲ್ಲರೂ ನಂಬಿದ್ದರು. 1989ರಲ್ಲಿ ಹೊರಬಂದ ಕ್ಯಾಸ್ಟ್ ಪ್ರಯೋಗದ ಫಲಿತಾಂಶ, ಎನ್‌ಕೈನೈಡ್ ಮತ್ತು ಫ್ಲೆಕೈನೈಡ್ ಪಡೆದವರಲ್ಲಿ ಬಡಿತ ಸರಿಹೋದರೂ ಸಾವು ಹೆಚ್ಚಾದದ್ದನ್ನು ತೋರಿಸಿತು. ತರ್ಕ ಎಷ್ಟೇ ನೇರವಾಗಿ ಕಂಡರೂ ಅದನ್ನು, ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುವ ಯಾದೃಚ್ಛಿಕ ಪ್ರಯೋಗದಲ್ಲಿ ಪರೀಕ್ಷಿಸಬೇಕೆಂಬ ಶಿಸ್ತನ್ನು ಔಷಧಗಳ ವಿಷಯದಲ್ಲಿ ನಾವು ಹೀಗೆ ಕಲಿತೆವು. ನೀತಿಯ ವಿಷಯದಲ್ಲಿ ಆ ಶಿಸ್ತು ಇನ್ನೂ ಬೇರೂರಬೇಕಾಗಿದೆ.

ಎರಡನೆಯದು ಆರೋಗ್ಯ ಅರ್ಥಶಾಸ್ತ್ರ. ಒಂದು ಸೌಲಭ್ಯಕ್ಕೆ ಖರ್ಚು ಮಾಡಿದ ಹಣ ಇನ್ನೊಂದಕ್ಕೆ ಸಿಗುವುದಿಲ್ಲ ಎಂಬ ಸರಳ ಮಾತು ವೈದ್ಯರಿಗೆ ಜೀರ್ಣವಾಗುವುದು ನಿಧಾನ, ಏಕೆಂದರೆ ಎದುರಿಗೆ ಕುಳಿತಿರುವ ರೋಗಿಗೆ ಸಾಧ್ಯವಿರುವುದನ್ನೆಲ್ಲ ಮಾಡು ಎಂದೇ ನಮಗೆ ಕಲಿಸಿರುತ್ತಾರೆ. ಆ ಕಲಿಕೆ ತಪ್ಪಲ್ಲ. ಅದರ ಜೊತೆಗೆ ಕಾಣದ ರೋಗಿಯ ಪಾಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಕಲಿಯಬೇಕು.

ಮೂರನೆಯದಾಗಿ, ಬ್ರಿಟನ್ನಿನ ವೈದ್ಯ ಜೆಫ್ರಿ ರೋಸ್ 1980ರ ದಶಕದಲ್ಲಿ ಮಂಡಿಸಿದ ವಿಚಾರವನ್ನು ಮನಸ್ಸಿಗೆ ಇಳಿಯುವ ತನಕ ಓದಬೇಕು. ಅತಿ ಹೆಚ್ಚು ಅಪಾಯವಿರುವ ಕೆಲವರಿಗಿಂತ, ಸಾಧಾರಣ ಅಪಾಯವಿರುವ ಬಹಳ ಜನರಿಂದಲೇ ಒಟ್ಟಾರೆ ಹೆಚ್ಚು ರೋಗಿಗಳು ಹುಟ್ಟುತ್ತಾರೆ ಎಂಬುದು ಅದರ ತಿರುಳು. ಆದ್ದರಿಂದ ಇಡೀ ಸಮುದಾಯದ ಉಪ್ಪಿನ ಸೇವನೆಯನ್ನು ಸ್ವಲ್ಪ ಇಳಿಸುವುದು ದೊಡ್ಡ ಫಲ ಕೊಡುತ್ತದೆ, ಆದರೆ ಯಾವ ಒಬ್ಬ ವ್ಯಕ್ತಿಗೂ ತನಗೆ ಲಾಭವಾಯಿತೆಂದು ಅನಿಸುವುದಿಲ್ಲ. ಸ್ಟೆಂಟ್ ಹಾಕಿಸಿಕೊಂಡವರು ಕೈಮುಗಿದು ಹೋಗುತ್ತಾರೆ. ಬಾರದೇ ಹೋದ ಹೃದಯಾಘಾತಕ್ಕೆ ಕೃತಜ್ಞತೆ ಹೇಳುವವರಿಲ್ಲ. ನೀತಿಯ ಕೆಲಸಕ್ಕೆ ಇಳಿಯುವ ವೈದ್ಯರು ಇದಕ್ಕೆ ಮನಸ್ಸನ್ನು ಮೊದಲೇ ಅಣಿಗೊಳಿಸಿಕೊಂಡಿರಬೇಕು.

ನೀತಿಯ ಓದಿನಿಂದ ಕೈಯ ಕೌಶಲ ಕುಂದುವುದಿಲ್ಲವೇ?

ಇದು ನ್ಯಾಯವಾದ ಆತಂಕ. ಆಂಜಿಯೋಪ್ಲಾಸ್ಟಿಯಂತಹ ಕೆಲಸ ಅಭ್ಯಾಸದಿಂದ ಬರುವುದು, ಅಭ್ಯಾಸ ತಪ್ಪಿದರೆ ಹೋಗುವುದು. ಆದ್ದರಿಂದ ಹೃದ್ರೋಗ ತರಬೇತಿಯ ಮೊದಲ ಎರಡು ವರ್ಷಗಳಲ್ಲಿ ಎಕೋ (ಹೃದಯದ ಸ್ಕ್ಯಾನ್), ಇಸಿಜಿ, ಕ್ಯಾತೆಟರ್ (ರಕ್ತನಾಳಕ್ಕೆ ತೂರಿಸುವ ನಳಿಕೆ), ತುರ್ತು ಘಟಕ ಇವುಗಳ ಹೊರತು ಬೇರೆ ಯಾವುದಕ್ಕೂ ಹೆಚ್ಚು ಜಾಗ ಕೊಡಬೇಡಿ ಎಂದು ನಾನು ಸ್ಪಷ್ಟವಾಗಿಯೇ ಹೇಳುತ್ತೇನೆ. ಸಮಿತಿಯ ಸಭೆಗಾಗಿ ಕ್ಯಾತ್ ಲ್ಯಾಬ್ ಬಿಟ್ಟುಹೋಗುವ ಕಿರಿಯರು ಎರಡೂ ಕಡೆ ಗೌರವ ಕಳೆದುಕೊಳ್ಳುವುದನ್ನು ಕಂಡಿದ್ದೇನೆ. ಅದಕ್ಕಿಂತ ಮುಖ್ಯವಾಗಿ, ರೋಗಿಗೆ ಬೇಕಾದದ್ದು ಪೂರ್ತಿ ಕಲಿತ ವೈದ್ಯ.

ಉಪವಿಭಾಗದ ಆಯ್ಕೆ ಇಲ್ಲಿ ಮಹತ್ವ ಪಡೆಯುತ್ತದೆ. ರಾತ್ರಿ ಕರೆಗೆ ಓಡಬೇಕಾದ ಇಂಟರ್ವೆನ್ಷನಲ್ (ಆಂಜಿಯೋಪ್ಲಾಸ್ಟಿ ಮಾಡುವ) ವಿಭಾಗಕ್ಕಿಂತ ಹೃದಯ ವೈಫಲ್ಯ, ರೋಗ ತಡೆ, ಇಮೇಜಿಂಗ್ (ಹೃದಯದ ಚಿತ್ರ ತೆಗೆದು ನೋಡುವುದು) ಇವುಗಳಲ್ಲಿ ಸಮಯವನ್ನು ಹಂಚಿಕೊಳ್ಳುವುದು ಸುಲಭ. ಆದರೆ ಸುಲಭವೆಂಬ ಒಂದೇ ಕಾರಣಕ್ಕೆ ಪ್ರೀತಿಯಿಲ್ಲದ ವಿಭಾಗವನ್ನು ಆಯ್ದುಕೊಳ್ಳಬಾರದು. ತುರ್ತು ಹೃದಯಾಘಾತದ ವ್ಯವಸ್ಥೆಯನ್ನು ಅದನ್ನು ದಿನವೂ ಮಾಡುವವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಒಳ್ಳೆಯ ಉದ್ದೇಶದ ನೀತಿ ಕೆಡುಕು ಮಾಡುವುದುಂಟೇ?

ಉಂಟು, ಮತ್ತು ಹೃದ್ರೋಗ ಕ್ಷೇತ್ರದಲ್ಲೇ ಅದಕ್ಕೆ ಕಣ್ಣು ತೆರೆಸುವ ನಿದರ್ಶನಗಳಿವೆ. ನ್ಯೂಯಾರ್ಕ್ ರಾಜ್ಯವು 1990ರ ದಶಕದ ಆರಂಭದಿಂದ ಬೈಪಾಸ್ ಶಸ್ತ್ರಚಿಕಿತ್ಸೆಯ ಸಾವಿನ ಪ್ರಮಾಣವನ್ನು ಆಸ್ಪತ್ರೆವಾರು, ಬಳಿಕ ಶಸ್ತ್ರವೈದ್ಯರ ಹೆಸರಿನೊಂದಿಗೆ ಪ್ರಕಟಿಸತೊಡಗಿತು. ಮುಂದೆ ಆಂಜಿಯೋಪ್ಲಾಸ್ಟಿಗೂ ಇದು ವಿಸ್ತರಿಸಿತು. ರೋಗಿಗಳಿಗೆ ಮಾಹಿತಿ ಸಿಗಲಿ, ಗುಣಮಟ್ಟ ಏರಲಿ ಎಂಬ ಉದ್ದೇಶ ಶ್ಲಾಘನೀಯ, ಸಾವಿನ ಪ್ರಮಾಣ ಇಳಿದದ್ದೂ ಹೌದು. ಆದರೆ ಹೃದಯಾಘಾತದಿಂದ ಆಘಾತ ಸ್ಥಿತಿಗೆ (ರಕ್ತದೊತ್ತಡ ತೀರಾ ಕುಸಿದು ಅಂಗಗಳಿಗೆ ರಕ್ತ ಸಾಲದ ಸ್ಥಿತಿ) ಜಾರಿದ ರೋಗಿಗಳಿಗೆ, ಅಂದರೆ ಆಂಜಿಯೋಪ್ಲಾಸ್ಟಿಯ ಅಗತ್ಯ ಅತಿ ಹೆಚ್ಚಿದ್ದು ಸಾವಿನ ಸಾಧ್ಯತೆಯೂ ಅತಿ ಹೆಚ್ಚಿದ್ದವರಿಗೆ, ಅಲ್ಲಿ ಆ ಚಿಕಿತ್ಸೆ ಇತರ ಕಡೆಗಳಿಗಿಂತ ಕಡಿಮೆ ಸಿಗುತ್ತಿದ್ದದ್ದು ಅಧ್ಯಯನಗಳಲ್ಲಿ ಕಂಡಿತು. ತನ್ನ ಹೆಸರಿನ ಮುಂದೆ ಸಾವೊಂದು ದಾಖಲಾಗುವ ಭಯ ವೈದ್ಯರ ಕೈಯನ್ನು ಹಿಂದೆಳೆಯುತ್ತಿತ್ತು. ರಾಜ್ಯವು ಮುಂದೆ ಇಂತಹ ಪ್ರಕರಣಗಳನ್ನು ಸಾರ್ವಜನಿಕ ವರದಿಯಿಂದ ಹೊರಗಿಟ್ಟಿತು.

ಅಮೆರಿಕದಲ್ಲೇ 2012ರ ಅಕ್ಟೋಬರ್‌ನಿಂದ, ಬಿಡುಗಡೆಯಾದ ಮೂವತ್ತು ದಿನದೊಳಗೆ ಹೆಚ್ಚು ರೋಗಿಗಳು ಮತ್ತೆ ದಾಖಲಾದರೆ ಆಸ್ಪತ್ರೆಗೆ ದಂಡ ವಿಧಿಸುವ ಕ್ರಮ ಜಾರಿಗೆ ಬಂತು. ಹೃದಯ ವೈಫಲ್ಯ ಅದರ ಮೊದಲ ಮೂರು ಕಾಯಿಲೆಗಳಲ್ಲಿ ಒಂದು. ಮರುದಾಖಲಾತಿ ಇಳಿಯಿತು. ಆದರೆ ಹೃದಯ ವೈಫಲ್ಯದ ರೋಗಿಗಳಲ್ಲಿ ಬಿಡುಗಡೆಯ ನಂತರದ ಸಾವು ಏರಿತೇ ಎಂಬ ಗಂಭೀರ ವಿವಾದವೂ ಎದ್ದಿತು, ಇದರಲ್ಲಿ ಎರಡೂ ಪಕ್ಷಕ್ಕೆ ಅಂಕಿಅಂಶಗಳಿವೆ. ವಾರ್ಡಿನಲ್ಲಿ ದುಡಿದವರು ಇಂತಹ ನಿಯಮದ ಕರಡನ್ನು ಓದಿದ ಕೂಡಲೇ ಕೇಳುವ ಪ್ರಶ್ನೆ ಒಂದಿದೆ: ಉಸಿರು ಕಟ್ಟುತ್ತಾ ಮತ್ತೆ ಬಂದವರನ್ನು ದಾಖಲಿಸಲು ಯಾರಾದರೂ ಹಿಂಜರಿದರೆ ಏನಾಗುತ್ತದೆ? ಆ ಪ್ರಶ್ನೆ ಕೇಳಲು ಒಬ್ಬರಾದರೂ ಆ ಸಭೆಯಲ್ಲಿರಬೇಕು ಎಂಬುದೇ ವೈದ್ಯರು ನೀತಿಯ ಕೆಲಸಕ್ಕೆ ಬರಬೇಕೆನ್ನಲು ನನಗಿರುವ ಅತಿ ಬಲವಾದ ಕಾರಣ.

ಮೊದಲ ಯೋಜನೆಯಾಗಿ ಏನನ್ನು ಕೈಗೆತ್ತಿಕೊಳ್ಳಬೇಕು?

ನಿಮ್ಮದೇ ಘಟಕದಲ್ಲಿ ಅಳೆಯಬಹುದಾದ ಒಂದನ್ನು. ಹೃದಯಾಘಾತದ ರೋಗಿ ಆಸ್ಪತ್ರೆಯ ಬಾಗಿಲು ದಾಟಿದ ಕ್ಷಣದಿಂದ ರಕ್ತನಾಳ ತೆರೆಯುವವರೆಗೆ ತೊಂಬತ್ತು ನಿಮಿಷ ಮೀರಬಾರದೆಂಬ ಗುರಿ ಬಹಳ ಕಡೆ ಇದೆ. ನೂರು ರೋಗಿಗಳ ಗಡಿಯಾರದ ಲೆಕ್ಕವನ್ನು ತೆಗೆದುಕೊಂಡು, ಆ ನಿಮಿಷಗಳು ಎಲ್ಲೆಲ್ಲಿ ಸೋರಿಹೋದವು ಎಂದು ನೋಡಿ: ಇಸಿಜಿ ತೆಗೆಯುವಲ್ಲಿಯೋ, ಅದನ್ನು ಓದಬಲ್ಲವರು ಬರುವ ತನಕವೋ, ಹಣದ ಮಾತು ಮುಗಿಯುವ ತನಕವೋ, ಒಪ್ಪಿಗೆಯ ಸಹಿಗಾಗಿ ಮನೆಯವರನ್ನು ಕಾಯುವಲ್ಲಿಯೋ. ಬಳಿಕ ಒಂದು ಹೆಜ್ಜೆ ಹಿಂದೆ ಸರಿದು, ನೋವು ಶುರುವಾದದ್ದರಿಂದ ಬಾಗಿಲು ಮುಟ್ಟುವವರೆಗಿನ ಸಮಯವನ್ನೂ ಕೇಳಿ ಬರೆದುಕೊಳ್ಳಿ. ಸಾಮಾನ್ಯವಾಗಿ ದೊಡ್ಡ ಸೋರಿಕೆ ಅಲ್ಲೇ ಇರುತ್ತದೆ, ಮತ್ತು ಅದು ನಿಮ್ಮ ಆಸ್ಪತ್ರೆಯ ಗೋಡೆಯ ಆಚೆಗಿರುತ್ತದೆ. ಆಂಜಿಯೋಪ್ಲಾಸ್ಟಿ ಎರಡು ಗಂಟೆಯೊಳಗೆ ಸಾಧ್ಯವಾಗದ ಊರುಗಳಲ್ಲಿ ರಕ್ತದ ಹೆಪ್ಪು ಕರಗಿಸುವ ಔಷಧವನ್ನು ಅಲ್ಲೇ ಕೊಟ್ಟು ಬಳಿಕ ಕಳಿಸುವುದು ಒಳ್ಳೆಯದೆಂದು ಮಾರ್ಗಸೂಚಿಗಳು ಹೇಳುತ್ತವೆ. ಅದನ್ನು ಕೊಡಲು ಅಲ್ಲಿ ಔಷಧ, ಧೈರ್ಯ, ಫೋನಿನಲ್ಲಿ ಸಲಹೆ ಕೊಡುವ ತಜ್ಞರು ಇದ್ದಾರೆಯೇ ಎಂದು ಹುಡುಕುತ್ತಾ ಹೋದರೆ, ಒಂದು ಸಣ್ಣ ಆಡಿಟ್ ತಾನಾಗಿಯೇ ನೀತಿಯ ಪ್ರಶ್ನೆಯಾಗಿ ಬೆಳೆಯುತ್ತದೆ.

ಪುರಾವೆ ಗಟ್ಟಿಯಾಗಿದ್ದರೆ ನೀತಿ ತಾನಾಗಿಯೇ ಬದಲಾಗುವುದಿಲ್ಲವೇ?

ಆಗುವುದಿಲ್ಲ. ಹಲವು ಔಷಧಗಳನ್ನು ಒಂದೇ ಮಾತ್ರೆಯಲ್ಲಿ ಸೇರಿಸಿ ಕೊಡುವ ಪಾಲಿಪಿಲ್‌ನ ವಿಚಾರವನ್ನು ನಿಕೊಲಸ್ ವಾಲ್ಡ್ ಮತ್ತು ಮಾಲ್ಕಮ್ ಲಾ 2003ರಲ್ಲಿ ವಿಸ್ತಾರವಾಗಿ ಮಂಡಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಗೆ ಅದು ಸೇರಿದ್ದು 2023ರಲ್ಲಿ. ನಡುವೆ ಇಪ್ಪತ್ತು ವರ್ಷ ಮತ್ತು ಹಲವು ದೊಡ್ಡ ಪ್ರಯೋಗಗಳು ಕಳೆದುಹೋದವು. ಇದಕ್ಕೆ ಎದುರಾಗಿ, ಎಣ್ಣೆಯನ್ನು ಗಟ್ಟಿಯಾಗಿಸುವಾಗ ಹುಟ್ಟುವ, ಹೃದಯಕ್ಕೆ ಹಾನಿಕರವಾದ ಕೈಗಾರಿಕಾ ಟ್ರಾನ್ಸ್ ಕೊಬ್ಬಿನ ವಿಷಯದಲ್ಲಿ ಡೆನ್ಮಾರ್ಕ್ 2003ರಲ್ಲಿಯೇ ಮಿತಿ ಹೇರಿತು: ಆಹಾರದಲ್ಲಿರುವ ಕೊಬ್ಬಿನಲ್ಲಿ ಅದು ಶೇಕಡ 2ನ್ನು ಮೀರುವಂತಿಲ್ಲ. ಒಂದು ದೇಶ ಮಾಡಿ ತೋರಿಸಿದ ಮೇಲೂ, ಜಗತ್ತಿನಾದ್ಯಂತ ಅದನ್ನು ತೊಡೆದುಹಾಕುವಂತೆ ವಿಶ್ವ ಆರೋಗ್ಯ ಸಂಸ್ಥೆ ಕರೆಕೊಡಲು 2018 ಆಗಬೇಕಾಯಿತು. ಯಾರ ವ್ಯಾಪಾರಕ್ಕೆ ನಷ್ಟ, ಯಾವ ಇಲಾಖೆಯ ಹೊಣೆ, ಯಾವ ಚುನಾವಣೆಯ ಹೊತ್ತು ಎಂಬುವು ಪುರಾವೆಯಷ್ಟೇ ತೂಗುತ್ತವೆ.

ಔಷಧ ಮತ್ತು ಉಪಕರಣ ತಯಾರಕರ ಜೊತೆ ಎಂಥ ಸಂಬಂಧವಿರಬೇಕು?

ಹೃದ್ರೋಗ ಕ್ಷೇತ್ರದಲ್ಲಿ ತಯಾರಕರ ಹಣ ಸಮ್ಮೇಳನ, ಸಂಶೋಧನೆ, ತರಬೇತಿ ಎಲ್ಲವನ್ನೂ ಮುಟ್ಟುತ್ತದೆ. ನೀತಿಯ ಬಗ್ಗೆ ಮಾತಾಡಬಯಸುವವರು ಊಟ, ಪ್ರಯಾಣ, ಭಾಷಣದ ಸಂಭಾವನೆ ಇವನ್ನು ಮೊದಲ ದಿನದಿಂದಲೇ ದೂರವಿಡುವುದು ಲೇಸು. ಸಂಶೋಧನೆಗೆ ಪಡೆದ ನೆರವನ್ನು ಕೇಳುವ ಮೊದಲೇ ಬಹಿರಂಗಪಡಿಸಬೇಕು. ಸ್ಥಿರ ಸ್ಥಿತಿಯ ಹೃದ್ರೋಗಿಗಳಲ್ಲಿ ಒಳ್ಳೆಯ ಔಷಧ ಚಿಕಿತ್ಸೆಯ ಮೇಲೆ ಆಂಜಿಯೋಪ್ಲಾಸ್ಟಿಯನ್ನು ಸೇರಿಸಿದರೂ ಸಾವು ಕಡಿಮೆಯಾಗದೆಂದು 2007ರ ಕರೇಜ್ ಪ್ರಯೋಗ ತೋರಿಸಿತು. ಮೊದಲೇ ಆಂಜಿಯೋಗ್ರಾಂ (ರಕ್ತನಾಳಗಳ ಎಕ್ಸ್-ರೇ ಚಿತ್ರ) ಮಾಡಿ ಸ್ಟೆಂಟ್ ಅಥವಾ ಬೈಪಾಸ್‌ನತ್ತ ಹೋಗುವ ಕ್ರಮದ ಬಗ್ಗೆ 2020ರಲ್ಲಿ ಪ್ರಕಟವಾದ ಇಸ್ಕೀಮಿಯ ಪ್ರಯೋಗದ ಉತ್ತರವೂ ಅದೇ ಆಗಿತ್ತು. ಎದೆನೋವಿನ ಉಪಶಮನಕ್ಕೆ ಆಂಜಿಯೋಪ್ಲಾಸ್ಟಿಗೆ ನಿಜವಾದ ಸ್ಥಾನವಿದೆ, ತೀವ್ರ ಹೃದಯಾಘಾತದಲ್ಲಿ ಅದು ಜೀವ ಉಳಿಸುತ್ತದೆ. ಆದರೆ ಎಲ್ಲಿ ಬೇಡ ಎಂದು ಹೇಳಬೇಕಾದಾಗ ನಿಮ್ಮ ಸ್ವಂತ ಆದಾಯವೂ ಆ ತಕ್ಕಡಿಯಲ್ಲಿರುತ್ತದೆ. ಅದನ್ನು ಒಪ್ಪಿಕೊಂಡೇ ಮಾತಾಡಬೇಕು.

ಹಿರಿಯರು ಇದನ್ನು ಕಾಲಹರಣವೆಂದು ಭಾವಿಸಿದರೆ?

ವಾದಿಸಬೇಡಿ. ನಿಮ್ಮ ವಾರ್ಡಿನ ಕೆಲಸ ಚೊಕ್ಕವಾಗಿರಲಿ. ಆಡಿಟ್‌ನ ಫಲಿತಾಂಶವನ್ನು ಅವರ ಮುಂದೆಯೇ ಮೊದಲು ಇಡಿ. ತಮ್ಮ ರೋಗಿಗಳಿಗೆ ಪ್ರಯೋಜನವಾದದ್ದನ್ನು ಕಂಡ ಹಿರಿಯರಲ್ಲಿ ಬಹಳ ಮಂದಿ ಜೊತೆಗೆ ನಿಂತಿದ್ದಾರೆ. ಮಾರ್ಗದರ್ಶಕರು ಒಬ್ಬರೇ ಆಗಿರಬೇಕಿಲ್ಲ: ಕೈಕೆಲಸ ಕಲಿಸುವವರೊಬ್ಬರು, ಅಂಕಿಅಂಶ ತಿದ್ದುವವರೊಬ್ಬರು, ಆಡಳಿತದ ಒಳಹೊರಗು ಬಲ್ಲವರೊಬ್ಬರು ಇದ್ದರೆ ಸಾಕು.

ರೋಗಿಗಳ ಕಥೆಗಳನ್ನು ಸಾರ್ವಜನಿಕವಾಗಿ ಹೇಳಬಹುದೇ?

ಅವರ ಒಪ್ಪಿಗೆ ಇದ್ದರೆ ಮಾತ್ರ, ಮತ್ತು ಆ ಒಪ್ಪಿಗೆಯನ್ನು ಹಾಸಿಗೆಯ ಮೇಲೆ ಮಲಗಿ ನಿಮ್ಮನ್ನೇ ನೆಚ್ಚಿಕೊಂಡಿರುವ ಹೊತ್ತಿನಲ್ಲಿ ಕೇಳಬಾರದು. ಹೆಸರು ತೆಗೆದರೂ ವಯಸ್ಸು, ಊರು, ಕಸುಬು, ಅಪರೂಪದ ಕಾಯಿಲೆ ಸೇರಿದರೆ ಗುರುತು ಸಿಕ್ಕಿಬಿಡುತ್ತದೆ. ಅವರು ಗುಣವಾಗಿ ಮನೆಗೆ ಹೋಗಿ, ಕೆಲವು ವಾರ ಕಳೆದು ತಪಾಸಣೆಗೆ ಬಂದಾಗ, ನೀವು ಬರೆದದ್ದನ್ನು ಅವರಿಗೇ ಓದಿ ಹೇಳಿ ಕೇಳಿ. ಬೇಡವೆಂದರೆ ಅಲ್ಲಿಗೇ ಬಿಡಬೇಕು. ಹಾಗೆ ಕುಳಿತು ಓದಿ ಹೇಳುವಾಗ ಅವರು ನಿಮ್ಮನ್ನು ತಿದ್ದುವುದೂ ಉಂಟು. ಔಷಧಕ್ಕೆ ಹಣವಿರಲಿಲ್ಲವೆಂದು ನಾನು ಬರೆದುಕೊಂಡಿದ್ದ ಒಬ್ಬರು, ಹಣವಿತ್ತು, ಆದರೆ ಮಾತ್ರೆ ತರಲು ಪ್ರತಿ ತಿಂಗಳೂ ಒಂದು ದಿನದ ದುಡಿಮೆ ಬಿಡಬೇಕಾಗುತ್ತಿತ್ತು ಎಂದರು. ಮೂರು ತಿಂಗಳ ಮಾತ್ರೆಯನ್ನು ಒಟ್ಟಿಗೆ ಕೊಡಬೇಕೆಂಬ ಟಿಪ್ಪಣಿಯನ್ನು ನಾನು ಬರೆದದ್ದು ಆ ಮಾತಿನ ನಂತರ.